ಓದಿದೆ, ಅರ್ಥವಾಯಿತು

ತರಬೇತಿಯ ಎರಡನೆಯ ದಿನ ಅವನು ಬೇಕೆಂದೇ ಹೆಂಡತಿಗಿಂತ ಎರಡು ಸಾಲು ಹಿಂದೆ ಕುಳಿತ. ಅವಳ ಪಕ್ಕದಲ್ಲಿ ಜಾಗವಿತ್ತು. ಚೀಲವಿಟ್ಟು ಹಿಡಿದೂ ಇದ್ದಳು. ಅವನು ಅದನ್ನು ಕಾಣದವನಂತೆ, ಕಿಟಕಿಯ ಗಾಳಿ ಬೇಕೆನ್ನುವವನ ಹಾಗೆ ಹಿಂದೆ ಹೋದ. ಅಲ್ಲಿಂದ ಅವಳ ಕತ್ತಿನ ಹಿಂಭಾಗ, ಎಡಗಿವಿ, ಬರೆಯುತ್ತಿದ್ದ ಕೈಯ ಮೊಣಕೈ ಕಾಣುತ್ತಿದ್ದವು. ಮೊಣಕೈ ಅಲುಗುವುದನ್ನು ನೋಡಿದರೆ ಸಾಕು, ಒಂದು ವಾಕ್ಯ ಮುಗಿಯಿತು, ಇನ್ನೊಂದು ಶುರುವಾಯಿತು, ನಡುವೆ ಹೊಡೆದು ಹಾಕಿದ್ದು ಏನೂ ಇಲ್ಲ ಎಂದು ಅವನಿಗೆ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಇವನು ಒಂದು ಸಾಲು ಬರೆದು, ಅದರಲ್ಲಿ ಅರ್ಧ ಹೊಡೆದು, ಹೊಡೆದದ್ದೇ ಸರಿಯಿತ್ತೇನೋ ಎಂದು ಅನುಮಾನ ಬಂದು ಅದನ್ನೇ ಮತ್ತೆ ಮೇಲೆ ಬರೆಯುತ್ತಿದ್ದ. ಏನು ದೇವರು ಕೊಟ್ಟ ಕೈಯೋ ಅವಳದು! ಇವನಿಗೆ ಕೊಡುವ ಹೊತ್ತಿಗೆ ದೇವರ ಬಳಿ ಚಿಲ್ಲರೆ ಮುಗಿದಿತ್ತೆಂದು ಕಾಣುತ್ತದೆ.

ಇಬ್ಬರೂ ಕೆಲಸ ಮಾಡುತ್ತಿದ್ದದ್ದು ಮುರಿದ ವಸ್ತುಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿ. ಕಾರ್ಖಾನೆಗಳಲ್ಲಿ ಏನಾದರೂ ತುಂಡಾದರೆ, ಸೀಳಿದರೆ, ತುಕ್ಕು ತಿಂದು ತೂತಾದರೆ ಅದು ಇಲ್ಲಿಗೆ ಬರುತ್ತಿತ್ತು. ಯಾಕೆ ಹಾಗಾಯಿತೆಂದು ಇವರು ಬರೆದು ಕಳಿಸಬೇಕು. ಕಳಿಸುತ್ತಲೂ ಇದ್ದರು. ಆದರೆ ಕಳಿಸಿದ್ದನ್ನು ಓದಿದವರು ಮತ್ತೆ ಫೋನ್ ಮಾಡಿ, "ಅದೆಲ್ಲ ಸರಿ ಸ್ವಾಮಿ, ಈಗ ನಾವೇನು ಮಾಡ್ಬೇಕು ಅದನ್ನ ಹೇಳಿ" ಎನ್ನುತ್ತಿದ್ದರು. ದೂರು ಮೇಲಿನವರ ತನಕ ಹೋಗಿ ಈ ತರಬೇತಿ ಏರ್ಪಾಡಾಗಿತ್ತು. ಮಹಡಿಯ ಮೇಲಿನ ಮೀಟಿಂಗ್ ಕೋಣೆ. ಮೇಜಿನ ಕೆಳಗೆ ಸದ್ದಿಲ್ಲದೆ ಬೂಟು ಕಳಚಿ ಕಾಲು ಆರಿಸಿಕೊಳ್ಳುವ ಎಂಜಿನಿಯರುಗಳು, ಆಸಿಡ್ ಬಿದ್ದು ತೋಳು ತೂತಾದ ಕೋಟಿನ ಕೆಮಿಸ್ಟರು. ಕಲಿಸಲು ಬಂದಾತ ದಪ್ಪ ಮೈಯ, ಮೆತ್ತಗಿನ ದನಿಯ ಮನುಷ್ಯ, ಹಿಂದೊಮ್ಮೆ ಗಣಿಯಲ್ಲಿ ಭೂವಿಜ್ಞಾನಿಯಾಗಿದ್ದನಂತೆ. ಒಂದೊಂದು ವಾಕ್ಯ ಆಡಿದ ಮೇಲೂ ನಿಂತು, ಎದುರಿಗಿದ್ದವರ ಮುಖ ನೋಡಿ, ಒಂದು ಗುಟುಕು ನೀರು ಕುಡಿದು ಮುಂದಕ್ಕೆ ಹೋಗುತ್ತಿದ್ದ. ಮೊದಲ ದಿನ ಊಟದ ಹೊತ್ತಿಗೆಲ್ಲ ಆತನಿಗೆ 'ಪೂರ್ಣವಿರಾಮ' ಎಂದು ಹೆಸರು ಬಿದ್ದಾಗಿತ್ತು.

ಆ ಮೊದಲ ದಿನವೇ ಪೂರ್ಣವಿರಾಮ ಗೋಡೆಯ ಮೇಲೆ ಒಂದು ಪ್ಯಾರಾ ಮೂಡಿಸಿದ್ದ. ಹೆಸರಿಲ್ಲ, ದಿನಾಂಕವಿಲ್ಲ. "ಇದರಲ್ಲಿ ಏನು ಮುರೀತು ಅಂತ ಹುಡುಕಿ ಕೊಟ್ಟವರಿಗೆ ಬಹುಮಾನ" ಎಂದಾಗ ಕೋಣೆಯೆಲ್ಲ ಗೊಳ್ಳೆಂದಿತ್ತು. ಒಣಹಾಕಿದ ಹಗ್ಗದ ಮೇಲೆ ತನ್ನ ಅಂಗಿಯನ್ನು ಬೀದಿಯ ತುದಿಯಿಂದಲೇ ಗುರುತಿಸುವ ಹಾಗೆ ಅವನು ಅದನ್ನು ಗುರುತಿಸಿದ. 'ಮೇಲ್ಕಾಣಿಸಿದ ಪರೀಕ್ಷೆಗಳ ಹಿನ್ನೆಲೆಯಲ್ಲಿ ಹಾಗೂ ಲಭ್ಯವಿರುವ ಮಾಹಿತಿಯ ಮಿತಿಯೊಳಗೆ ಪರಿಗಣಿಸಿದಲ್ಲಿ' ಎಂದು ಹೊರಟು ಗೋಡೆಯ ತುಂಬ ಹರಡಿಕೊಂಡಿದ್ದ ಆ ವಾಕ್ಯ ಅವನದೇ. ಎರಡು ಸಂಜೆ ಕೂತು ಬರೆದದ್ದು. ಬರೆಯುವಾಗ, ಯಾವ ಕಡೆಯಿಂದಲೂ ಯಾರೂ ಬೆರಳು ತೂರಿಸದ ಹಾಗೆ ಕಟ್ಟಿದ್ದೇನೆಂದು ಒಳಗೊಳಗೇ ಬೀಗಿದ್ದೂ ಇತ್ತು. ಅವನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕ, ನಕ್ಕು ಕಣ್ಣೊರೆಸಿಕೊಂಡ. ಹೆಂಡತಿ ಮಾತ್ರ ನಗಲಿಲ್ಲ, ತಿರುಗಿಯೂ ನೋಡಲಿಲ್ಲ. ಅವಳೊಮ್ಮೆ ತಿರುಗಿ 'ಸಿಕ್ಕಿಬಿದ್ರಾ' ಎಂಬಂತೆ ಹುಬ್ಬು ಹಾರಿಸಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವಳು, "ಅದ್ಯಾರದೋ ಪಾಪ, ನಾನು ಸರಿಯಾಗಿ ನೋಡ್ಲೇ ಇಲ್ಲಪ್ಪ" ಎಂದಳು. ಆ ವರದಿಯನ್ನು ಟೈಪು ಮಾಡಿದ್ದೇ ಅವಳು. ತನಗೆ ನೋವಾಗದಿರಲೆಂದು ಹೆಂಡತಿ ಹೇಳುವ ಸುಳ್ಳು ಗಂಡಸಿನ ಬಾಯಿಗೆ ಎಷ್ಟು ಕಹಿಯೆಂಬುದು ಅವನಿಗೆ ಆ ಬಸ್ಸಿನಲ್ಲಿ ತಿಳಿಯಿತು.

ಹೊಟ್ಟೆಕಿಚ್ಚು ಶುರುವಾದದ್ದು ಯಾವಾಗ ಎಂದು ಕೇಳಿದರೆ ಅವನು ಆ ಜಾಗವನ್ನೇ ತೋರಿಸಬಲ್ಲ: ಕೆಳಗಿನ ಮಹಡಿಯ ಕಾರಿಡಾರು, ನೀರಿನ ಫಿಲ್ಟರಿನ ಎದುರು. ಮುಖ್ಯಸ್ಥರು ಲೋಟ ತುಂಬಿಸುತ್ತಾ, "ನಿಮ್ಮ ಮನೆಯವರ ರಿಪೋರ್ಟ್ ಓದೋದು ಅಂದ್ರೆ, ಬಿಸಿಲಲ್ಲಿ ಬಂದು ಒಂದು ಲೋಟ ನೀರು ಕುಡಿದ ಹಾಗೆ ನೋಡ್ರಿ" ಎಂದಿದ್ದರು. ಅಷ್ಟಕ್ಕೆ ನಕ್ಕು ಮುಂದೆ ಹೋಗಬಹುದಿತ್ತು. ಅವನು ಹಲ್ಲು ಕಿರಿದು, "ನಮ್ದು ಸಾರ್?" ಎಂದು ಕೇಳಿದ. ಮುಖ್ಯಸ್ಥರು ಲೋಟವನ್ನು ಬಾಯಿಂದ ತೆಗೆದು ಯೋಚಿಸಿದರು. "ನಿಮ್ದು... ತುಂಬ ವಿವರವಾಗಿರುತ್ತೆ" ಎಂದರು. ಆ 'ನಿಮ್ದು' ಮತ್ತು 'ತುಂಬ' ಎರಡರ ನಡುವೆ ಅವರು ನಿಂತ ಹೊತ್ತಿದೆಯಲ್ಲ, ಅದನ್ನು ಅವನು ಅಂದಿನಿಂದ ಹೊತ್ತುಕೊಂಡೇ ತಿರುಗುತ್ತಿದ್ದ. ಸ್ನಾನದ ಮನೆಯಲ್ಲಿ ಅದು ನೆನಪಾಗುತ್ತಿತ್ತು. ಮಗಳು ಶಾಲೆಯ ಪ್ರಬಂಧ ಹಿಡಿದು ತನ್ನನ್ನು ದಾಟಿ ಅಡುಗೆಮನೆಗೆ ಹೋಗಿ, "ಅಮ್ಮಾ ನೋಡು, ಅಪ್ಪನ ಹತ್ರ ಕೊಟ್ರೆ ಉದ್ದ ಮಾಡ್ತಾರೆ" ಎಂದಾಗ ನೆನಪಾಗುತ್ತಿತ್ತು. ಹೆಂಡತಿ ಮಗಳ ತಲೆಗೊಂದು ಮೊಟಕಿ, "ಹಾಗೆಲ್ಲ ಅನ್ಬಾರ್ದು, ನಂಗೆ ಬರೆಯೋಕೆ ಕಲಿಸಿದ್ದೇ ನಿಮ್ಮಪ್ಪ" ಎಂದಾಗ ಇನ್ನೂ ಹೆಚ್ಚು ನೆನಪಾಗುತ್ತಿತ್ತು.

ಕಲಿಸಿದ್ದು ನಿಜ. ಆ ಲ್ಯಾಬಿನಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ವರದಿಗೂ ಎರಡು ಸಹಿ. ಮೊದಲನೆಯದು ಬರೆದವರದು. ಅದರ ಕೆಳಗೆ 'ಓದಿದೆ, ಅರ್ಥವಾಯಿತು' ಎಂದು ಅಚ್ಚಾಗಿರುತ್ತಿತ್ತು. ಅಲ್ಲಿ ಇನ್ನೊಬ್ಬರು ಸಹಿ ಹಾಕದೆ ವರದಿ ಹೊರಗೆ ಹೋಗುವಂತಿಲ್ಲ. ಮಿಕ್ಕವರೆಲ್ಲ "ನೀ ನಂದಕ್ಕೆ ಗೀಚು, ನಾ ನಿಂದಕ್ಕೆ ಗೀಚ್ತೀನಿ" ಎಂದು ಟೀ ಕುಡಿಯುತ್ತಲೇ ಮುಗಿಸುತ್ತಿದ್ದರು. ಇವರಿಬ್ಬರು ಮಾತ್ರ ನಿಜವಾಗಿ ಓದುವವರು. ಸಂಜೆ ಊಟದ ಮೇಜಿನ ಮೇಲೆ ತಟ್ಟೆಗಳನ್ನು ಒಂದು ಮೂಲೆಗೆ ಸರಿಸಿ, ಅವಳ ವರದಿಯನ್ನು ಅವನು ಗಟ್ಟಿಯಾಗಿ ಓದಬೇಕು, ಅವಳು ಕೇಳಬೇಕು. ಅವನ ನಾಲಿಗೆ ತಡವರಿಸಿದ ಕಡೆ ಅವಳು ಮಾತಿಲ್ಲದೆ ಒಂದು ಗೆರೆ ಎಳೆಯುವಳು, ಮಾರನೆಯ ದಿನ ಅಲ್ಲಿ ಬೇರೆ ವಾಕ್ಯವಿರುವುದು. ಹಾಗೆ ಓದಿ ಓದಿ ಅವಳ ಬರವಣಿಗೆಯಲ್ಲಿ ಕಲ್ಲು ಮುಳ್ಳು ಒಂದೂ ಉಳಿಯಲಿಲ್ಲ. ಅವನ ವರದಿಯನ್ನು ಓದುವ ಸರದಿ ಬಂದರೆ ಮಾತ್ರ ಅವನೇ, "ನೀನು ಕಣ್ಣಲ್ಲೇ ಓದ್ಕೋ, ಗಟ್ಟಿಯಾಗಿ ಬೇಡ" ಎನ್ನುತ್ತಿದ್ದ. ಅವಳೀಗಲೂ ಸಿಕ್ಕವರಿಗೆಲ್ಲ ಹೇಳುತ್ತಾಳೆ: "ನಮ್ಮವರು ಓದಿ ಹೂಂ ಅನ್ನೋವರೆಗೂ ನಂಗೆ ಧೈರ್ಯ ಇಲ್ಲ." ಮೊದಲೆಲ್ಲ ಅದನ್ನು ಕೇಳಿದರೆ ಅವನ ಎದೆ ಉಬ್ಬುತ್ತಿತ್ತು. ಈಗೀಗ ತನ್ನ ಕೈಗೆ ಯಾರೋ ಭಿಕ್ಷೆ ಹಾಕಿದ ಹಾಗೆ ಆಗುತ್ತಿತ್ತು.

ಇವೆಲ್ಲ ಸಾಲದೆಂಬಂತೆ ಈ ಎರಡನೆಯ ದಿನ ಬೆಳಿಗ್ಗೆ ತರಬೇತಿ ಶುರುವಾಗುವ ಮೊದಲು ಮುಖ್ಯಸ್ಥರು ಬಂದು ಹೇಳಿದ್ದರು: ಇನ್ನು ಮುಂದೆ ಎಲ್ಲರ ವರದಿಯೂ ಹೊರಗೆ ಹೋಗುವ ಮುನ್ನ ಒಬ್ಬರ ಕೈ ದಾಟಿ ಹೋಗಬೇಕು, ಆ ಒಬ್ಬರು ಯಾರೆಂದು ಈ ಎರಡು ದಿನ ನೋಡಿ ತೀರ್ಮಾನ ಮಾಡುತ್ತೇನೆ, ನಾನೂ ಇವತ್ತು ಹಿಂದೆ ಕೂತು ನೋಡುತ್ತೇನೆ. ಕೋಣೆಯ ಕಣ್ಣುಗಳೆಲ್ಲ ಹೆಂಡತಿಯ ಕಡೆ ಹೋದವು. ಅವಳು ಹಿಂತಿರುಗಿ ಗಂಡನ ಕಡೆ ನೋಡಿದಳು, ಬಾಯಿಬಿಡದೆ ಅವನನ್ನೇ ತೋರಿಸುವಂತೆ ಗಲ್ಲ ಎತ್ತಿದಳು. ಅವನು ಬಾಟಲಿಯ ಮುಚ್ಚಳ ತಿರುಗಿಸುವುದರಲ್ಲಿ ಮುಳುಗಿದ. ಅವಳು ಆ ಮೇಜಿನ ಹಿಂದೆ ಕೂರುವುದು, ತನ್ನ ವರದಿ ಅವಳ ಮುಂದೆ ಹೋಗುವುದು, ಅದನ್ನವಳು ತಿದ್ದುವುದು, ಎಲ್ಲ ಕಣ್ಣಿಗೆ ಕಟ್ಟಿತು. ಎಲ್ಲರ ವರದಿಯನ್ನೂ ಕೆಂಪು ಪೆನ್ನಿನಲ್ಲಿ ತಿದ್ದುವವಳು ಗಂಡನದನ್ನು ಮಾತ್ರ ಪೆನ್ಸಿಲಿನಲ್ಲಿ ತಿದ್ದುತ್ತಾಳೆ. ಅವಳು ಅಂಥವಳೇ. ಆ ಪೆನ್ಸಿಲನ್ನು ನೆನೆದು ಅವನ ಕಿವಿ ಬಿಸಿಯಾಯಿತು.

ಪೂರ್ಣವಿರಾಮ ಒಂದು ಆಟ ಹೇಳಿದ. ಪ್ರತಿಯೊಬ್ಬರೂ ತಮ್ಮ ಇತ್ತೀಚಿನ ವರದಿಯ ಮೊದಲ ಪುಟ ತಂದಿದ್ದರು. ಚೀಟಿ ಎತ್ತಿ ಓದುಗರನ್ನು ಆರಿಸುವುದು. ಓದುಗ ಎದ್ದು ಬಂದು ಪುಟವನ್ನು ಗಟ್ಟಿಯಾಗಿ ಓದಬೇಕು. ಬರೆದವರು ಎದುರಿಗೇ ಕೂರಬೇಕು, ಆದರೆ ತುಟಿ ಬಿಚ್ಚಬಾರದು, ಕಣ್ಣು ಸನ್ನೆಯೂ ಕೂಡದು. ಓದಿ ಮುಗಿಸಿದ ಮೇಲೆ ಓದುಗ ಒಂದೇ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು.

"ನಾಳೆ ಬೆಳಿಗ್ಗೆ ನೀವು ಏನು ಮಾಡ್ತೀರಿ?" ಎಂದು ಆತ ಬೋರ್ಡಿನ ಮೇಲೆ ಬರೆದು, ನೀರು ಕುಡಿದ. "ನೀವೇ ಆ ಕಾರ್ಖಾನೆಯವರು ಅಂದ್ಕೊಳ್ಳಿ. ಇಷ್ಟು ಓದಿದ್ರಿ. ನಾಳೆ ಏನು ಮಾಡ್ತೀರಿ?" ಮತ್ತೊಂದು ಗುಟುಕು. "ಓದಿದವರು ತಪ್ಪು ಹೇಳಿದ್ರೆ ತಪ್ಪು ಅವರದಲ್ಲ. ಬರೆದವರದು. ಇದರಲ್ಲಿ ವಾದ ಇಲ್ಲ."

ಮೊದಲಿಗೆ ಬಂದವರದು ನಗೆಯಲ್ಲೇ ಮುಗಿಯಿತು. ತುಕ್ಕಿನ ತಜ್ಞರೊಬ್ಬರ ವರದಿ ಓದಿದ ಖರೀದಿ ಮೇಡಂ, ಅಂದರೆ ಲ್ಯಾಬಿಗೆ ಬೇಕಾದ್ದನ್ನೆಲ್ಲ ತರಿಸುವ, ಯಾರಿಗೂ ಹೆದರದ ಹೆಂಗಸು, "ನಾಳೆ ಬೆಳಿಗ್ಗೆ ರಜೆ ಹಾಕ್ತೀನಿ" ಎಂದರು. ಆಮೇಲೆ ಚೀಟಿ ಎತ್ತಿದಾಗ ಅವನ ಹೆಂಡತಿಯ ಪುಟ ಬಂತು, ಓದುಗನಾಗಿ ಅವನೇ ಬಂದ. ಕೋಣೆಯಲ್ಲಿ "ಓಹೋ" ಎಂದು ಗದ್ದಲವೆದ್ದಿತು. "ಇದು ಮ್ಯಾಚ್ ಫಿಕ್ಸಿಂಗ್ ಸಾರ್, ಬೇರೆ ಚೀಟಿ ಎತ್ತಿ" ಎಂದು ಯಾರೋ ಕೂಗಿದರು. ಪೂರ್ಣವಿರಾಮ ಒಪ್ಪಲಿಲ್ಲ, ಮನೆಯವರೇ ಎಲ್ಲರಿಗಿಂತ ಕಷ್ಟದ ಓದುಗರು ಎಂದ. ಹೆಂಡತಿ ಎದುರಿನ ಕುರ್ಚಿಗೆ ಬಂದು ಕೂತಳು. ಆಫೀಸಿನಲ್ಲಿ ನಾಲ್ಕು ಜನರ ಮುಂದೆ ಅವಳು ಅವನನ್ನು ಸಾರ್ ಎನ್ನುವುದು ವಾಡಿಕೆ. "ಓದಿ ಸಾರ್" ಎಂದು ನಕ್ಕು, ತುಟಿಯ ಮೇಲೆ ಬೆರಳಿಟ್ಟುಕೊಂಡಳು.

ಅವನು ಹಾಳೆ ನೋಡಿದ. ಮೂರು ದಿನದ ಹಿಂದೆ ಮನೆಯಲ್ಲಿ ಓದಿದ್ದೇ. ಓದಿ, "ಚೆನ್ನಾಗಿದೆ, ಕಳಿಸು" ಎಂದು ಕೊನೆಯ ಪುಟದಲ್ಲಿ ಸಹಿಯನ್ನೂ ಹಾಕಿದ್ದ; ಮುಖ್ಯಸ್ಥರ ಮೊಹರಿಗಾಗಿ ಕಾಯುತ್ತಿದ್ದ ಅದು ಇವತ್ತು ಮಧ್ಯಾಹ್ನ ಹೊರಡಬೇಕಿತ್ತು. ಗಂಟಲು ಸರಿಮಾಡಿಕೊಂಡು ಓದಿದ. "ಎರಡನೇ ಪಂಪಿನ ಶಾಫ್ಟ್ ಮುರಿದದ್ದು ಶಾಫ್ಟಿನ ದೋಷದಿಂದ ಅಲ್ಲ. ಪಂಪಿನ ಬುಡದ ಬೋಲ್ಟುಗಳು ಸಡಿಲವಾಗಿ, ಪಂಪು ಮತ್ತು ಮೋಟಾರು ಒಂದೇ ನೇರದಲ್ಲಿ ಇರಲಿಲ್ಲ. ಹೀಗೇ ಬಿಟ್ಟು ಹೊಸ ಶಾಫ್ಟ್ ಹಾಕಿದರೆ ಅದೂ ಮುರಿಯುತ್ತದೆ. ಮೊದಲು ಬುಡ ಬಿಗಿದು ನೇರ ಮಾಡಿ, ಆಮೇಲೆ ಶಾಫ್ಟ್ ಹಾಕಿ. ಎರಡನೇ ಪಂಪು ಕೂರಿಸಿದವರೇ ಅದೇ ವಾರ ಮೂರನೆಯದನ್ನೂ ಕೂರಿಸಿದ್ದಾರೆ. ಅದನ್ನು ಇವತ್ತೇ ನಿಲ್ಲಿಸಿ ಬುಡ ನೋಡಿ." ಓದುತ್ತಾ ಅವನಿಗೆ ಒಂದು ವಿಚಿತ್ರ ಅನ್ನಿಸಿತು: ನಾಲಿಗೆ ಎಲ್ಲೂ ತಡೆಯಲಿಲ್ಲ, ಉಸಿರು ಎಲ್ಲಿ ಮುಗಿಯುವುದೋ ಅಲ್ಲೇ ವಾಕ್ಯ ಮುಗಿಯುತ್ತಿತ್ತು. ಅದು ಅವನ ಉಸಿರೇ. ಇಷ್ಟು ವರ್ಷ ಅವನು ಓದಿದ್ದನ್ನು ಕೇಳಿ ಕೇಳಿ ಅವಳು ಆ ಅಳತೆ ಹಿಡಿದಿದ್ದಳು. ತನ್ನ ಉಸಿರನ್ನೇ ಇವಳು ಕದ್ದಿದ್ದಳು. ಹಿಂದಿನ ಸಾಲಿನಲ್ಲಿ ಮುಖ್ಯಸ್ಥರು ಆಗಲೇ ತಲೆದೂಗುತ್ತಿದ್ದರು.

"ಹೇಳಿ," ಎಂದ ಪೂರ್ಣವಿರಾಮ. "ನಾಳೆ ಬೆಳಿಗ್ಗೆ?"

ಅವನು ಅದನ್ನು ಮೊದಲೇ ಯೋಚಿಸಿ ಹೇಳಿದ್ದಲ್ಲ. ಹೇಳಿದ ಮೇಲೆ ತಾನು ಹೇಳಿದ್ದು ಕೇಳಿಸಿತು. "ನಾಳೆ ಬೆಳಿಗ್ಗೆ ಹೊಸ ಶಾಫ್ಟ್ ತರಿಸಿ ಹಾಕಿಸ್ತೀನಿ."

"ಮೂರನೇ ಪಂಪು?"

"ಅದು... ಎರಡನೇದು ರಿಪೇರಿ ಆಗೋವರೆಗೂ ಅದನ್ನ ಓಡಿಸ್ತೀನಿ. ಆಮೇಲೆ ಬಿಡುವಾದಾಗ ಒಮ್ಮೆ ನೋಡ್ಸಿದ್ರಾಯ್ತು."

ಖರೀದಿ ಮೇಡಂ, "ಅಯ್ಯೋ, ಅಷ್ಟು ನೀಟಾಗಿದೆಯಲ್ರೀ! ನಂಗೇ ಅರ್ಥ ಆಯ್ತು" ಎಂದರು. ಪೂರ್ಣವಿರಾಮ ಕೈಯೆತ್ತಿ ಅವರನ್ನು ತಡೆದ. "ಹತ್ತು ಜನ ದಾಟಿ ಒಬ್ಬ ಎಡವಿದ್ರೂ ಹೊಸ್ತಿಲು ಎತ್ತರ ಅಂತಲೇ ಲೆಕ್ಕ," ಎಂದ. "ಹೊಸ ಶಾಫ್ಟ್ ಅಂತ ನಿಮಗೆ ಎಲ್ಲಿ ಅನ್ನಿಸ್ತು?" ಅವನಿಗೆ ಈಗ ನಿಲ್ಲಿಸಲು ಆಗಲಿಲ್ಲ. ಮೊದಲ ಸಾಲಿನಲ್ಲೇ ಶಾಫ್ಟ್ ಮುರಿದ ಮಾತಿದೆ, ಕೊನೆಗೆ 'ಶಾಫ್ಟ್ ಹಾಕಿ' ಎಂದೂ ಇದೆ, ಅವಸರದಲ್ಲಿ ಓದುವವನಿಗೆ ಅಷ್ಟೇ ತಲೆಗೆ ಹೋಗುವುದು ಎಂದೆಲ್ಲ ವಿವರಿಸಿದ. ತುಂಬ ವಿವರವಾಗಿಯೇ ವಿವರಿಸಿದ. ಅವನ ಕಣ್ಣು ಹಾಳೆ ಬಿಟ್ಟು ಏಳಲಿಲ್ಲ. ಎದುರಿನ ಕುರ್ಚಿಯಿಂದ ಒಂದು ಸದ್ದೂ ಬರಲಿಲ್ಲ. ಆಟದ ನಿಯಮ ಅವಳು ಮುರಿಯುವವಳಲ್ಲ. ಮುಖ್ಯಸ್ಥರು ಪುಸ್ತಕದಲ್ಲಿ ಏನನ್ನೋ ಗುರುತು ಹಾಕಿಕೊಂಡರು.

ಊಟದ ಕೋಣೆಯಲ್ಲಿ ಜನ ಅವನ ಬೆನ್ನು ತಟ್ಟಿದರು. "ಭಲೇ! ಹೆಂಡ್ತೀನೂ ಬಿಡಲಿಲ್ವಲ್ಲ. ಇವತ್ತು ಮನೇಲಿ ಊಟ ಹಾಕ್ತಾರಾ ನೋಡಿ." ಮುಖ್ಯಸ್ಥರು ತಟ್ಟೆ ಹಿಡಿದು ಹಾದುಹೋಗುತ್ತಾ, "ಸ್ವಂತದವರು ಅಂತ ನೋಡದೆ ಹೇಳಿದ್ರಿ. ಆ ಸೀಟಿಗೆ ಅಂಥವರೇ ಬೇಕು" ಎಂದರು. ಎಷ್ಟೋ ತಿಂಗಳ ನಂತರ ಅವನ ಹೊಟ್ಟೆಯ ಉರಿ ಆರಿತು. ಎರಡು ಸಲ ಬಡಿಸಿಕೊಂಡ. ಮೂರನೆಯ ಸಲ ಎದ್ದಾಗ ಹೆಂಡತಿ ಎಲ್ಲೂ ಇಲ್ಲವೆಂಬುದು ಗಮನಕ್ಕೆ ಬಂತು. ಸಿಟ್ಟಾಗಿರಬೇಕು, ಆಗಲಿ, ಅದೂ ಒಂದು ಸಲ ಆಗಲಿ ಎಂದುಕೊಂಡ. ಅವಳ ಸಿಟ್ಟನ್ನು ಎದುರಿಸುವ ಮಾತುಗಳನ್ನು ಕೈ ತೊಳೆಯುವಾಗಲೇ ಜೋಡಿಸಿಕೊಂಡ: ಆಟ ಅಂದ್ರೆ ಆಟ, ಗಂಡ ಅಂತ ಹೂಂ ಅನ್ನೋಕಾಗುತ್ತಾ, ನಿನ್ನ ಒಳ್ಳೇದಕ್ಕೇ ಹೇಳಿದ್ದು.

ಅವಳು ಕೆಳಗೆ ತನ್ನ ಮೇಜಿನ ಮುಂದೆ ಕೂತು ಬರೆಯುತ್ತಿದ್ದಳು. ಪಕ್ಕದಲ್ಲೇ ಟ್ರೇಯಲ್ಲಿ ಆ ಶಾಫ್ಟಿನ, ಪಂಪನ್ನು ತಿರುಗಿಸುವ ಉಕ್ಕಿನ ದಂಡದ, ಎರಡು ತುಂಡು. ಅವನನ್ನು ಕಂಡದ್ದೇ, "ಬಂದ್ರಾ, ಒಳ್ಳೇದಾಯ್ತು ಬನ್ನಿ," ಎಂದು ಸ್ಟೂಲು ಎಳೆದು ಕೊಟ್ಟಳು. ಸಿಟ್ಟಿನ ಹೆಸರಿಲ್ಲ. ಕಣ್ಣು ಕೆಂಪಾಗಿತ್ತು, ಅತ್ತದ್ದಕ್ಕೋ, ಕಣ್ಣು ಕಿರಿದು ಮಾಡಿ ಬರೆದದ್ದಕ್ಕೋ ತಿಳಿಯಲಿಲ್ಲ. "ನನ್ನ ಪುಣ್ಯ ಕಣ್ರೀ ಇವತ್ತೇ ಗೊತ್ತಾಯ್ತು. ಇದು ಮೂರು ಗಂಟೆ ಗಾಡೀಲಿ ಹೋಗಿಬಿಡ್ತಿತ್ತು. ಎಲ್ಲ ಗೊತ್ತಿರೋ ನಿಮಗೇ ಹಾಗೆ ತಲೆಗೆ ಹೋಯ್ತು ಅಂದ್ರೆ ಅಲ್ಲಿ ಶಿಫ್ಟಿನಲ್ಲಿರೋ ಜನಕ್ಕೆ ಏನು ಹೋಗುತ್ತೆ?"

"ಮನೇಲಿ ಓದಿದಾಗ ಹೂಂ ಅಂದಿದ್ದೆ, ಅಲ್ವಾ," ಎಂದ ಅವನು, ದಡ್ಡನ ಹಾಗೆ.

"ಮನೇಲಿ ನಾನು ಶಾಫ್ಟಿನ ಕಥೆಯೆಲ್ಲ ಮೊದಲೇ ಬಾಯಲ್ಲಿ ಹೇಳಿದ್ನಲ್ಲ. ನೀವು ಅದನ್ನೇ ಓದಿದ್ರಿ, ಹಾಳೇನಲ್ಲ. ಇವತ್ತು ಹಾಳೆ ಓದಿದ್ರಿ." ಅವನಿಗೆ ಬೇಕಾದ ಸಮರ್ಥನೆಯನ್ನು ಅವಳೇ ಹೊಲಿದು ಇಟ್ಟಿದ್ದಳು. "ಇಲ್ಲಿ ನೋಡಿ, ಎಲ್ಲಿ ಎಡವಿದ್ರಿ ಸರಿಯಾಗಿ ತೋರ್ಸಿ."

ಅವನು ಬೆರಳಿಟ್ಟ. ಎಲ್ಲಿಯಾದರೂ ಇಡಲೇಬೇಕಿತ್ತು, 'ಹೀಗೇ ಬಿಟ್ಟು ಹೊಸ ಶಾಫ್ಟ್ ಹಾಕಿದರೆ ಅದೂ ಮುರಿಯುತ್ತದೆ' ಎಂಬುದರ ಮೇಲೆ ಇಟ್ಟ. ಆ ಪುಟದಲ್ಲಿ ಅವನಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ವಾಕ್ಯ. ಅವಳು ಎರಡನೆಯ ಯೋಚನೆಯಿಲ್ಲದೆ ಅದನ್ನು ಹೊಡೆದು ಹಾಕಿ, ಮೇಲೆ ಬರೆಯತೊಡಗಿದಳು. ಬರೆದಳು, ಹೊಡೆದಳು, ಮತ್ತೆ ಬರೆದಳು. ಅವಳ ಕೈ ತಡವರಿಸುವುದನ್ನು ಅವನು ಮೊದಲ ಸಲ ನೋಡಿದ. ನೋಡಬೇಕೆಂದು ಎಷ್ಟು ದಿನದಿಂದ ಬಯಸಿದ್ದ! ಹೊಸ ಹಾಳೆಯನ್ನು ಓದಲು ಕೊಟ್ಟಳು. 'ಲಭ್ಯವಿರುವ ಪುರಾವೆಗಳನ್ನು ಗಮನಿಸಿದಾಗ' ಎಂದು ಶುರುವಾಗಿತ್ತು. ಯಾರೂ ತಪ್ಪು ತಿಳಿಯಬಾರದೆಂದು ಪ್ರತಿಯೊಂದನ್ನೂ ಎರಡೆರಡು ಸಲ ಹೇಳಿದ್ದಳು. ಶಾಫ್ಟ್ ಎಂದರೇನು, ನೇರ ಎಂದರೇನು, ಸಡಿಲ ಎಂದರೆ ಎಷ್ಟು ಸಡಿಲ. ಅದೆಲ್ಲ ತುಂಬಿ ಮೂರನೇ ಪಂಪಿನ ಮಾತು ಎರಡನೆಯ ಪುಟಕ್ಕೆ ಜಾರಿತ್ತು. ಅವನ ಬರವಣಿಗೆಯೇ ಅದು. ಗೋಡೆಯ ಮೇಲೆ ಮೂಡಿಸಿ ನಗಬಹುದಾಗಿತ್ತು. ಎರಡನೆಯ ಪುಟವನ್ನು ಕಾರ್ಖಾನೆಯಲ್ಲಿ ಯಾರೂ ತಿರುವುವುದಿಲ್ಲವೆಂಬುದು ಈ ಲ್ಯಾಬಿನ ಗೋಡೆಗಳಿಗೂ ಗೊತ್ತು. ಎರಡನೇ ಪಂಪಿನ ಶಾಫ್ಟ್ ಮುರಿದಾಗ ಮೇಲಿನ ತಗಡಿನ ಕವಚ ಕಿತ್ತು ಹಾರಿ ಎದುರಿನ ಗೋಡೆಗೆ ಬಡಿದಿತ್ತು; ಅಲ್ಲಿ ನಿಲ್ಲಬೇಕಾದವನು ಬೀಡಿ ಸೇದಲು ಹೊರಗೆ ಹೋಗಿದ್ದರಿಂದ ಉಳಿದ. ಮೂರನೆಯದರ ಪಕ್ಕ ಈ ಹೊತ್ತಿನಲ್ಲಿ ಯಾರು ನಿಂತಿದ್ದಾರೋ.

"ಈಗ ಅರ್ಥ ಆಯ್ತಾ?" ಎಂದಳು. ಅವಳು ಪೆನ್ನನ್ನು ಅವನತ್ತ ಚಾಚಿದ್ದಳು, ಸಹಿಗೆ.

"ಹಳೇದನ್ನೇ ಕಳಿಸು," ಎಂದ. "ನಂಗೆ ಅರ್ಥ ಆಗಿತ್ತು ಕಣೇ."

ಅವಳು ನಕ್ಕಳು. "ಸಾಕು ಸುಮ್ಮನಿರಿ, ನನ್ನ ಸಮಾಧಾನಕ್ಕೆ ಏನೂ ಹೇಳ್ಬೇಡಿ. ಅಷ್ಟು ಜನರ ಮುಂದೆ ಎಡವಿದ್ರಿ ಅಂದ್ರೆ ಎಡವಿದ್ರಿ. ಅದಕ್ಕೆ ನಂಗೇನು ಬೇಜಾರಿಲ್ಲ."

"ಎಡವಲಿಲ್ಲ. ಬೇಕಂತಲೇ ಹೇಳಿದೆ."

"ಬೇಕಂತ ಯಾರಾದ್ರೂ..." ಎಂದವಳು ಅವನ ಮುಖ ನೋಡಿ ನಿಂತಳು. ನಗುವಿನ ಅರ್ಧ ಇನ್ನೂ ಬಾಯಲ್ಲೇ ಉಳಿದಿತ್ತು, ಅದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. "ಯಾಕೆ?"

ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಹೊಟ್ಟೆಕಿಚ್ಚು," ಎಂದ. ಅವನು ಬದುಕಿನಲ್ಲಿ ಆಡಿದ ಅತ್ಯಂತ ಚಿಕ್ಕ ವಾಕ್ಯ ಅದೇ ಇರಬೇಕು. ಹೇಳಿದ ಮೇಲೆ ಅವಳು ಬೈಯುತ್ತಾಳೆ, ಅಳುತ್ತಾಳೆ, 'ಥೂ, ನಿಮ್ಮ' ಎಂದು ಎದ್ದು ಹೋಗುತ್ತಾಳೆ ಎಂದು ಕಾದ. ಅದರಲ್ಲಿ ಯಾವುದಾದರೂ ಒಂದು ಆಗಲಿ ದೇವರೇ ಎಂದು ಬೇಡಿಕೊಂಡ. ಅವಳು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

"ಹೋದ ತಿಂಗಳು ಬಾಯ್ಲರ್ ಟ್ಯೂಬಿಂದು ಓದಿದ್ರಲ್ಲ," ಎಂದಳು, ಮೆಲ್ಲಗೆ. "ನಡುವಿನ ಪ್ಯಾರಾ ಪೂರ್ತಿ ತೆಗೆದುಬಿಡು ಅಂದ್ರಿ. ತೆಗೆದೆ. ಅದು?"

"ಅದು ನಿಜವಾಗ್ಲೂ ಬೇಕಿರಲಿಲ್ಲ."

"ಅದಕ್ಕೆ ಮುಂಚೆ ಆ ಕ್ರೇನಿನ ಕೊಕ್ಕೆದು? ಮೊದಲ ಸಾಲು ಒರಟಾಯ್ತು ಅಂದ್ರಿ?"

"ಒರಟಾಗಿತ್ತು ಕಣೇ. ಇವತ್ತೊಂದೇ ಸುಳ್ಳು. ಆಣೆ ಮಾಡಿ ಹೇಳ್ತೀನಿ, ಇವತ್ತೊಂದೇ."

"ನಮ್ಮ ಹತ್ರ ಒಂದು ಮೈಕ್ರೋಮೀಟರು ತಪ್ಪು ತೋರಿಸ್ತಿದೆ ಅಂತ ಗೊತ್ತಾದ್ರೆ ಏನು ಮಾಡ್ತೀವಿ?" ಅವಳು ಅದನ್ನು ಕುಹಕಕ್ಕೆ ಕೇಳಲಿಲ್ಲ. ಕುಹಕ ಅವಳಿಗೆ ಬಾರದು. ನಿಜವಾಗಿಯೂ ದಾರಿ ಹುಡುಕುವವಳ ಹಾಗೆ ಕೇಳಿದಳು.

ಅವನಿಗೆ ಗೊತ್ತಿತ್ತು, ಅವಳಿಗೆ ಅದನ್ನು ಕಲಿಸಿದವನೂ ಅವನೇ. ಮೈಕ್ರೋಮೀಟರನ್ನು ಪಕ್ಕಕ್ಕಿಟ್ಟರೆ ಸಾಲದು. ಅದರಿಂದ ಅಳೆದದ್ದನ್ನೆಲ್ಲ ವಾಪಸು ತರಿಸಿ ಮತ್ತೆ ಅಳೆಯಬೇಕು. ಎಲ್ಲಿಯವರೆಗೆ ಹಿಂದಕ್ಕೆ ಹೋಗಬೇಕೆಂದರೆ, ಅದು ಸರಿಯಾಗಿತ್ತೆಂದು ಕೊನೆಯ ಸಲ ನೋಡಿ ಗುರುತು ಹಾಕಿದ ದಿನದವರೆಗೆ.

"ಕೊನೇ ಸಲ ಸರಿ ಇದ್ದದ್ದು ಯಾವತ್ತು, ಹೇಳಿ," ಎಂದಳು. "ಅಲ್ಲಿಂದ ನೋಡ್ಕೊಂಡು ಬರ್ತೀನಿ. ನಂಗೆ ಅಷ್ಟು ಗೊತ್ತಾದ್ರೆ ಸಾಕು."

ಅವನು ಬಾಯಿ ತೆರೆದ. ನಿನ್ನೆ ಎನ್ನೋಣವೆಂದುಕೊಂಡ, ಆಗ ಬಸ್ಸು ನೆನಪಾಯಿತು. ನೀರಿನ ಫಿಲ್ಟರಿನ ಎದುರು ನಿಂತ ದಿನ ಎನ್ನೋಣವೆಂದುಕೊಂಡ. ಆದರೆ ಬಾಯ್ಲರ್ ಟ್ಯೂಬಿನ ವರದಿ ಅದಾದ ಮೇಲಿನದು. ಆ ನಡುವಿನ ಪ್ಯಾರಾ ನಿಜಕ್ಕೂ ಬೇಡವಾಗಿತ್ತೇ? ಅದನ್ನು ಓದುವಾಗ ಹೊಟ್ಟೆಯಲ್ಲಿ ಚುಳ್ಳೆಂದದ್ದು ನೆನಪಿತ್ತು. ಆದ್ದರಿಂದ ತೆಗೆಯೆಂದನೋ, ಬೇಡವಾಗಿದ್ದರಿಂದ ಎಂದನೋ? ಕೊಕ್ಕೆಯದು ಇನ್ನೂ ಹಳೆಯದು. ಆಗೇನೂ ಇರಲಿಲ್ಲ. ಇರಲಿಲ್ಲವೇ? ಹುಡುಕುತ್ತಾ ಹಿಂದೆ ಹಿಂದೆ ಹೋದ ಹಾಗೆಲ್ಲ, ಊಟದ ಮೇಜು, ಸರಿಸಿಟ್ಟ ತಟ್ಟೆಗಳು, ತನ್ನದೇ ದನಿ, ತಾನು ಹೂಂ ಎಂದ ಅಷ್ಟೂ ಸಂಜೆಗಳು ಒಂದೊಂದಾಗಿ ಕೈಯಿಂದ ಜಾರತೊಡಗಿದವು. ಇಂಥ ದಿನ ಎಂದು ಬೆರಳಿಟ್ಟು ತೋರಿಸಲು ಅವನಿಗೆ ಆಗಲಿಲ್ಲ. ಅವಳು ಆಮೇ​ಲೆ ಹಳೆಯ ಪುಟವನ್ನೇ ಹೊಸದಾಗಿ ಅಚ್ಚು ಹಾಕಿ, ಅವನ ಸಹಿಯಿದ್ದ ಕೊನೆಯ ಪುಟವನ್ನೂ ಹೊಸದಾಗಿ ಅಚ್ಚು ಹಾಕಿ, ಬರೆದವರ ಜಾಗದಲ್ಲಿ ಸಹಿ ಮಾಡಿ ಎದ್ದಳು. "ಗಾಡಿಗೆ ಹೊತ್ತಾಯ್ತು" ಎಂದಳು. ಹೊರಗಿನವರ ಹತ್ತಿರ ಮಾತಾಡುವ ದನಿ ಅದು, ಆದರೆ ಸಾರ್ ಎನ್ನಲಿಲ್ಲ.

ಖರೀದಿ ವಿಭಾಗ ಅದೇ ಕಾರಿಡಾರಿನ ತುದಿಗೆ. ಅವನು ಹಿಂದೆಯೇ ಹೋದ; ಬಾಗಿಲ ತನಕ ಹೋಗಿ ನಿಂತ. ಒಳಗೆ ಹೆಂಡತಿ ಹಾಳೆಯನ್ನು ಮೇಡಂ ಮುಂದಿಟ್ಟು, "ಇದನ್ನ ಸ್ವಲ್ಪ ಗಟ್ಟಿಯಾಗಿ ಓದ್ತೀರಾ ಮೇಡಂ, ಓದಿ ನಾಳೆ ಏನು ಮಾಡ್ತೀರಿ ಹೇಳಿ. ನಾನು ಮಾತಾಡಲ್ಲ" ಎಂದು ಎದುರಿಗೆ ಕೂತಳು. ಮೇಡಂ ಕನ್ನಡಕ ಏರಿಸಿ, "ಬೆಳಿಗ್ಗೆ ನಿಮ್ಮವರು ಓದಿದ್ದೇ ಅಲ್ವೇನಮ್ಮ" ಎನ್ನುತ್ತಾ ಶುರು ಮಾಡಿದರು. ಅವರ ಓದು ಒರಟು. ನಿಲ್ಲಬಾರದ ಕಡೆ ನಿಲ್ಲುತ್ತಿದ್ದರು, ನಡುವೆ ಫೋನ್ ಬಂದು ಅದನ್ನೊಮ್ಮೆ ಬೈದು ಇಟ್ಟರು, ಬಿಟ್ಟ ಜಾಗ ಸಿಗದೆ ಮೇಲಿನ ಸಾಲಿನಿಂದ ಮತ್ತೆ ಹಿಡಿದರು. ಮುಗಿಸಿ, "ಮೂರನೇದು ನಿಲ್ಸಿ ಅಂತ ಈಗ್ಲೇ ಫೋನ್ ಹಚ್ತೀನಿ. ಶಾಫ್ಟಿಗೆ ಆರ್ಡರ್ ಕೊಡಲ್ಲ, ಮೊದಲು ಬುಡ ಬಿಗೀಲಿ. ಅಷ್ಟೇ ತಾನೆ?" ಎಂದರು.

ಆದರೆ ಅವನು ಮೇಡಂ ಕಡೆ ನೋಡುತ್ತಿರಲಿಲ್ಲ. ಓದು ಸಾಗುತ್ತಿದ್ದಷ್ಟು ಹೊತ್ತೂ ಹೆಂಡತಿಯ ಕಣ್ಣು ಓದುವವರ ಬಾಯಿಯ ಮೇಲೇ ಇತ್ತು. ಒಂದೊಂದು ವಾಕ್ಯ ಹೊರಬಂದಾಗಲೂ ಅವಳ ತುಟಿ ಅದರ ಜೊತೆಗೆ ಇಷ್ಟಿಷ್ಟೇ ಅಲುಗುತ್ತಿತ್ತು, ವಾಕ್ಯ ದಡ ಮುಟ್ಟಿದಾಗ ಹುಬ್ಬು ಸಡಿಲವಾಗುತ್ತಿತ್ತು, ಮುಂದಿನದಕ್ಕೆ ಮತ್ತೆ ಬಿಗಿಯುತ್ತಿತ್ತು. ಹೆದರಿಕೆ, ಆಸೆ, ನಾಚಿಕೆ ಎಲ್ಲ ಒಟ್ಟಿಗೇ ಇದ್ದ, ಎಲ್ಲವನ್ನೂ ಇನ್ನೊಬ್ಬರ ಕೈಗೆ ಒಪ್ಪಿಸಿ ಕೂತ ಮುಖ. ಇಷ್ಟು ವರ್ಷ ಅವಳು ಅವನ ಮುಂದೆ ಕೂತದ್ದು ಈ ಮುಖದಲ್ಲೇ ಇರಬೇಕು. ಓದುವಾಗ ಅವನ ಕಣ್ಣು ಹಾಳೆಯ ಮೇಲಿರುತ್ತಿತ್ತು. ಅವನು ಒಂದು ಸಲವೂ ತಲೆಯೆತ್ತಿ ನೋಡಿರಲಿಲ್ಲ.

"ಎಲ್ಲಿ, ಇಲ್ಲೇನಮ್ಮ ಸಹಿ?" ಎಂದರು ಮೇಡಂ, 'ಓದಿದೆ, ಅರ್ಥವಾಯಿತು' ಎಂದಿದ್ದ ಕಡೆ ಬೆರಳಿಟ್ಟು.

"ಹೂಂ, ಅಲ್ಲೇ," ಎಂದಳು ಹೆಂಡತಿ.

ಅವಳ ಬರವಣಿಗೆಯ ಮೇಲೆ ಇಷ್ಟು ತಿಂಗಳು ಪಟ್ಟ ಹೊಟ್ಟೆಕಿಚ್ಚು ಏನೇನೂ ಅಲ್ಲವೆನ್ನುವಂತೆ, ಪೆನ್ನು ಹುಡುಕುತ್ತಿದ್ದ ಆ ಹೆಂಗಸಿನ ಮೇಲೆ ಅವನಿಗೆ ಹೊಟ್ಟೆ ಉರಿಯಿತು.